ಲಾಗಿನ್ ಆದ ಮೇಲೆ ಸಿಎಸ್‌ಎಸ್ ಫೈಲ್ ತೆರೆಯುತ್ತಿದೆ ಅಂತ ಕೇಳಿದ ಬ್ಯಾಡಗಿಯ ಅಣ್ಣಾವರಿಗೆ

ಅಣ್ಣಾವ್ರೆ, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಮೆಣಸಿನಕಾಯಿ ಬೆಳೆಗಾರರ ಸಂಘಕ್ಕೆ ಜಾವಾದಲ್ಲಿ ವೆಬ್ ಆ್ಯಪ್ ಮಾಡಿದ್ದೀರಿ. ಕೋಲ್ಡ್ ಸ್ಟೋರೇಜ್‌ನಲ್ಲಿ ತಮ್ಮ ಚೀಲ ಎಷ್ಟಿವೆ, ಅದರಲ್ಲಿ ಡಬ್ಬಿ ತಳಿ ಎಷ್ಟು, ಕಡ್ಡಿ ತಳಿ ಎಷ್ಟು ಅಂತ ಸದಸ್ಯರು ಫೋನಿನಲ್ಲೇ ನೋಡಬೇಕು. ಮೊದಲು ಲಾಗಿನ್ ಸರ್ವ್‌ಲೆಟ್ (ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಜಾವಾ ಕೋಡ್) ನೀವೇ ಬರೆದಿರಿ, ಪ್ರತಿ ಪೇಜಿನ ಮೇಲೂ ಸೆಷನ್ (ಬಂದವರು ಯಾರು ಅಂತ ಸರ್ವರ್ ಇಟ್ಟುಕೊಳ್ಳುವ ನೆನಪು) ನೋಡುವ ಒಂದು ಇಫ್ ಹಾಕಿದಿರಿ, ಕೆಲವು ಪೇಜಿನಲ್ಲಿ ಅದು ಬಿಟ್ಟುಹೋಯಿತು. ಈಗ ಆ್ಯಪ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್‌ನಲ್ಲೇ ಇರುವ ಫಾರ್ಮ್ ಲಾಗಿನ್‌ಗೆ ಬದಲಾಯಿಸಿದ್ದೀರಿ. ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ದಾಸ್ತಾನಿನ ಪೇಜ್ ಬರುವ ಬದಲು ಸಿಎಸ್‌ಎಸ್ ಫೈಲಿನ (ಪೇಜಿನ ಬಣ್ಣ, ವಿನ್ಯಾಸ ಹೇಳುವ ಫೈಲ್) ಸಾಲುಗಳು ಪರದೆ ತುಂಬ ಬರುತ್ತಿವೆ. ಇದಕ್ಕೆ ನಮ್ಮ ಗುಂಪಿನ ಒಬ್ಬರು ಆಗಲೇ "ಸುಮ್ನೆ ಹಳೇ ಸರ್ವ್‌ಲೆಟ್‌ಗೇ ವಾಪಸ್ ಹೋಗಿ" ಅಂದಿದ್ದಾರೆ.

ದಯವಿಟ್ಟು ವಾಪಸ್ ಹೋಗಬೇಡಿ. ನೀವು ಹಿಡಿದಿರುವ ದಾರಿ ಸರಿಯಾಗಿದೆ. ಪ್ರತಿ ಪೇಜಿನಲ್ಲಿ ಇಫ್ ಹಾಕಿ ಕಾಯುವುದು ಹೊಲದ ಪ್ರತಿ ಗಿಡಕ್ಕೂ ಬೇರೆ ಬೇಲಿ ಕಟ್ಟಿದ ಹಾಗೆ, ಒಂದು ಮರೆತರೂ ದನ ನುಗ್ಗುತ್ತದೆ. ಎಲ್ಲವನ್ನೂ ಒಂದೇ ಕಡೆ ಮುಚ್ಚಿ, ಬೇಕಾದದ್ದನ್ನು ಮಾತ್ರ ತೆರೆಯಬೇಕು. ಆ ಕೆಲಸವನ್ನು ಟಾಮ್‌ಕ್ಯಾಟ್ ನಮ್ಮ ಕೋಡ್ ಶುರುವಾಗುವ ಮೊದಲೇ ಮಾಡುತ್ತದೆ.

ಗುಂಪಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಟ್ಯಾಗುಗಳ ಹೆಸರನ್ನೂ ಉಚ್ಚಾರದಂತೆ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನಲ್ಲಿರಲಿ.

ಮೊದಲು ನಿಮ್ಮ ಸಿಎಸ್‌ಎಸ್ ವಿಷಯ. ಏನಾಗುತ್ತದೆ ನೋಡ್ರಿ. ಸದಸ್ಯರು ದಾಸ್ತಾನಿನ ಪೇಜ್ ಕೇಳುತ್ತಾರೆ. ಲಾಗಿನ್ ಆಗಿಲ್ಲ. ಟಾಮ್‌ಕ್ಯಾಟ್ "ಇವರು ಕೇಳಿದ್ದು ದಾಸ್ತಾನು" ಅಂತ ಸೆಷನ್‌ನಲ್ಲಿ ಬರೆದಿಟ್ಟುಕೊಂಡು ಲಾಗಿನ್ ಪೇಜ್ ತೋರಿಸುತ್ತದೆ. ಆ ಪೇಜ್ ಬಂದ ಕೂಡಲೇ ಬ್ರೌಸರ್ ಅದರೊಳಗಿನ ಸಿಎಸ್‌ಎಸ್ ಫೈಲನ್ನು ಬೇರೆಯಾಗಿ ಕೇಳುತ್ತದೆ. ಯಾವ ವಿಳಾಸಗಳಿಗೆ ಲಾಗಿನ್ ಬೇಕು ಅಂತ ಹೇಳುವ ಯುಆರ್‌ಎಲ್-ಪ್ಯಾಟರ್ನ್‌ನಲ್ಲಿ ನೀವು /* (ಎಲ್ಲವೂ) ಹಾಕಿದ್ದೀರಿ, ಅಂದರೆ ಸಿಎಸ್‌ಎಸ್ ಕೂಡ ಬೀಗದೊಳಗೆ. ಟಾಮ್‌ಕ್ಯಾಟ್ ಮೊದಲು ಬರೆದಿಟ್ಟದ್ದನ್ನು ಅಳಿಸಿ "ಇವರು ಕೇಳಿದ್ದು ಸಿಎಸ್‌ಎಸ್" ಅಂತ ಬರೆದುಕೊಳ್ಳುತ್ತದೆ. ಪಾಸ್‌ವರ್ಡ್ ಸರಿಹೋದ ಮೇಲೆ ಅಲ್ಲಿಗೇ ಕಳಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ! ಲೋಗೋ ಚಿತ್ರ ಬೀಗದೊಳಗಿದ್ದರೆ ಒಮ್ಮೊಮ್ಮೆ ಲೋಗೋ ತೆರೆಯುತ್ತದೆ, ಆ್ಯಪ್ ಸರ್ವರಿನ ರೂಟ್‌ನಲ್ಲಿದ್ದರೆ ಫೇವಿಕಾನ್ (ಬ್ರೌಸರ್ ಟ್ಯಾಬಿನ ಸಣ್ಣ ಚಿತ್ರ) ಕೂಡ ಇದೇ ಆಟ ಆಡುತ್ತದೆ.

ಪರಿಹಾರ ಹೀಗೆ. ಸಿಎಸ್‌ಎಸ್, ಚಿತ್ರ, ಜಾವಾಸ್ಕ್ರಿಪ್ಟ್ ಎಲ್ಲವನ್ನೂ ಸ್ಟ್ಯಾಟಿಕ್ ಅಂತ ಒಂದೇ ಫೋಲ್ಡರಿನಲ್ಲಿಡಿ. ಆ್ಯಪಿನ ಜೋಡಣೆಯ ಫೈಲಾದ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಎರಡನೇ ಸೆಕ್ಯುರಿಟಿ-ಕನ್‌ಸ್ಟ್ರೇಂಟ್ (ಬೀಗದ ನಿಯಮ) ಬರೆದು ಆ ಫೋಲ್ಡರಿನ ಪ್ಯಾಟರ್ನ್ ಮಾತ್ರ ಹಾಕಿ, ಅದರೊಳಗೆ ಯಾರಿಗೆ ಪ್ರವೇಶ ಅಂತ ಹೇಳುವ ಆಥ್-ಕನ್‌ಸ್ಟ್ರೇಂಟ್ ಬರೆಯಲೇಬೇಡಿ. ಹೆಚ್ಚು ಹೊಂದುವ ಪ್ಯಾಟರ್ನ್ ಗೆಲ್ಲುತ್ತದೆ, ಹಾಗಾಗಿ /* ಇದ್ದರೂ ಈ ಫೋಲ್ಡರ್ ತೆರೆದಿರುತ್ತದೆ. ಇಲ್ಲಿ ಎಚ್ಚರ ಬೇಕು. ಆಥ್-ಕನ್‌ಸ್ಟ್ರೇಂಟ್ ಟ್ಯಾಗ್ ಇಲ್ಲದಿದ್ದರೆ "ಯಾರು ಬೇಕಾದರೂ ಬರಲಿ" ಅಂತ ಅರ್ಥ. ಅದೇ ಟ್ಯಾಗನ್ನು ಖಾಲಿ ಬರೆದು ಮುಚ್ಚಿದರೆ "ಯಾರೂ ಬರಕೂಡದು" ಅಂತ ಅರ್ಥ. ಖಾಲಿ ಟ್ಯಾಗ್ ಬರೆದು 403 (ಪ್ರವೇಶವಿಲ್ಲ) ಬಂತು ಅಂತ ತಲೆ ಕೆಡಿಸಿಕೊಂಡವರು ಜಾಸ್ತಿ.

ಸಿಎಸ್‌ಎಸ್‌ದು ಇನ್ನೊಂದು ತೊಂದರೆಯೂ ಇದೆ. ಲಾಗಿನ್ ಪೇಜನ್ನು ಟಾಮ್‌ಕ್ಯಾಟ್ ಒಳಗಿಂದೊಳಗೇ ಫಾರ್ವರ್ಡ್ ಮಾಡುತ್ತದೆ, ಬ್ರೌಸರಿನ ಮೇಲ್ಪಟ್ಟಿಯಲ್ಲಿ ಮಾತ್ರ ಸದಸ್ಯರು ಮೊದಲು ಕೇಳಿದ ವಿಳಾಸವೇ ಇರುತ್ತದೆ. ಅದಕ್ಕೇ ಸಿಎಸ್‌ಎಸ್ ದಾರಿಯನ್ನು ಬರೀ "ಸ್ಟ್ಯಾಟಿಕ್" ಅಂತ ಶುರುಮಾಡಿದರೆ ಒಂದು ಪೇಜಿನಿಂದ ಬಂದಾಗ ಸಿಗುತ್ತದೆ, ಒಳಗಿನ ಪೇಜಿನಿಂದ ಬಂದಾಗ ಸಿಗುವುದಿಲ್ಲ. ದಾರಿಯ ಶುರುವಿಗೆ ಕಾಂಟೆಕ್ಸ್ಟ್ ಪಾತ್ (ಸರ್ವರಿನಲ್ಲಿ ಆ್ಯಪಿನ ವಿಳಾಸ) ಸೇರಿಸಿ ಬರೆಯಿರಿ.

ಇನ್ನು ಮೂಲ ಜೋಡಣೆ. ಲಾಗಿನ್-ಕಾನ್ಫಿಗ್‌ನಲ್ಲಿ ಆಥ್-ಮೆಥಡ್ ಫಾರ್ಮ್ ಅಂತಿರಲಿ, ಪೂರ್ತಿ ದೊಡ್ಡಕ್ಷರದಲ್ಲಿ. ಲಾಗಿನ್ ಪೇಜ್, ಎರರ್ ಪೇಜ್ ಎರಡರ ದಾರಿಯೂ ಸ್ಲ್ಯಾಶ್‌ನಿಂದ ಶುರುವಾಗಬೇಕು. ಫಾರ್ಮಿನ ಆ್ಯಕ್ಷನ್ ಜೆ_ಸೆಕ್ಯುರಿಟಿ_ಚೆಕ್, ಮೆಥಡ್ ಪೋಸ್ಟ್, ಎರಡು ಇನ್‌ಪುಟ್‌ಗಳ ಹೆಸರು ಜೆ_ಯೂಸರ್‌ನೇಮ್ ಮತ್ತು ಜೆ_ಪಾಸ್‌ವರ್ಡ್. ಈ ಮೂರು ಹೆಸರು ಸರ್ವ್‌ಲೆಟ್ ನಿಯಮದಲ್ಲೇ ಇರುವಂಥವು, ಬದಲಾಯಿಸಲು ಬರುವುದಿಲ್ಲ. ಆ ಆ್ಯಕ್ಷನ್‌ಗೆ ನೀವು ಸರ್ವ್‌ಲೆಟ್ ಬರೆಯುವ ಅಗತ್ಯವಿಲ್ಲ, ಟಾಮ್‌ಕ್ಯಾಟ್ ನಡುವೆಯೇ ಹಿಡಿದುಕೊಳ್ಳುತ್ತದೆ. ಎರರ್ ಪೇಜ್ ಬರುವುದು ಹೆಸರು ಅಥವಾ ಪಾಸ್‌ವರ್ಡ್ ತಪ್ಪಿದಾಗ ಮಾತ್ರ. ಲಾಗಿನ್ ಸರಿಯಾಗಿ ಆಗಿ ಆ ಪೇಜಿಗೆ ಬೇಕಾದ ರೋಲ್ (ಸದಸ್ಯ, ಕಾರ್ಯದರ್ಶಿ ಥರದ ಪಾತ್ರ) ಇಲ್ಲದಿದ್ದರೆ 403 ಬರುತ್ತದೆ, ಅದಕ್ಕೆ ಬೇರೆ ಎರರ್ ಪೇಜ್ ಕೊಡಿ. ಇಲ್ಲದಿದ್ದರೆ ಸದಸ್ಯರು "ಪಾಸ್‌ವರ್ಡ್ ಕೆಲಸ ಮಾಡ್ತಿಲ್ಲ" ಅಂತ ನಿಮಗೆ ಫೋನ್ ಮಾಡುತ್ತಲೇ ಇರುತ್ತಾರೆ.

ನೀವು ಹಾಕಿದ ಫೈಲಿನಲ್ಲಿ ಎಚ್‌ಟಿಟಿಪಿ-ಮೆಥಡ್ (ಬ್ರೌಸರ್ ಸರ್ವರನ್ನು ಕೇಳುವ ಬಗೆ) ಅಂತ ಗೆಟ್, ಪೋಸ್ಟ್ ಎರಡು ಸಾಲು ಕಂಡೆ. ಅವನ್ನು ಇವತ್ತೇ ತೆಗೆಯಿರಿ. ಆ ಸಾಲು ಇದ್ದರೆ ಬೀಗ ಆ ಎರಡಕ್ಕೆ ಮಾತ್ರ ಬೀಳುತ್ತದೆ, ಪುಟ್, ಡಿಲೀಟ್, ಹೆಡ್ ಎಲ್ಲ ಲಾಗಿನ್ ಇಲ್ಲದೇ ಒಳಗೆ ಬರುತ್ತವೆ. ಹೆಡ್ ರಿಕ್ವೆಸ್ಟ್ ಬಂದಾಗ ಸರ್ವ್‌ಲೆಟ್ ಸಾಮಾನ್ಯವಾಗಿ ಗೆಟ್‌ಗೆ ಬರೆದ ಡುಗೆಟ್ ಕೋಡನ್ನೇ ಓಡಿಸುತ್ತದೆ ಅನ್ನುವುದನ್ನು ನೆನಪಿಡಿ. ಮೆಥಡ್ ಹೆಸರು ಬರೆಯದಿದ್ದರೆ ಎಲ್ಲಕ್ಕೂ ಬೀಗ. ಹಳೇ ಪಾಠಗಳಲ್ಲಿ ಈ ಸಾಲುಗಳನ್ನು ಕಣ್ಣುಮುಚ್ಚಿ ನಕಲು ಮಾಡಿರುತ್ತಾರೆ, ನನಗೆ ಬಹಳ ಬೇಸರ ತರಿಸುವ ವಿಷಯ ಇದು.

ಹಳೇ ಪಾಠ ಅಂದೆನಲ್ಲ, ಟಾಮ್‌ಕ್ಯಾಟ್ 10ರಿಂದ ಪ್ಯಾಕೇಜ್ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ. 9ರಲ್ಲಿ ಇನ್ನೂ ಜಾವಾಎಕ್ಸ್. ಮೇಲೆ ಹೇಳಿದ ಟ್ಯಾಗುಗಳು ಹಾಗೇ ಇವೆ, ನಿಮ್ಮ ಸರ್ವ್‌ಲೆಟ್‌ಗಳ ಇಂಪೋರ್ಟ್ ಮಾತ್ರ ನೋಡಿಕೊಳ್ಳಿ.

ಸದಸ್ಯರ ಪಟ್ಟಿ ಎಲ್ಲಿರಬೇಕು ಅಂತಲೂ ಕೇಳಿದ್ದೀರಿ. ಟಾಮ್‌ಕ್ಯಾಟ್-ಯೂಸರ್ಸ್ ಫೈಲ್ ಬರೀ ಪರೀಕ್ಷೆಗೆ. ಟಾಮ್‌ಕ್ಯಾಟ್ ಸದಸ್ಯರನ್ನು ಪರೀಕ್ಷಿಸುವ ಭಾಗಕ್ಕೆ ರಿಯಲ್ಮ್ ಅನ್ನುತ್ತಾರೆ, ಸಂಘದ ಕೆಲಸಕ್ಕೆ ಡೇಟಾಬೇಸ್ ನೋಡುವ ಡೇಟಾಸೋರ್ಸ್‌ರಿಯಲ್ಮ್ ಬಳಸಿ. ಎರಡು ಟೇಬಲ್ ಸಾಕು, ಒಂದರಲ್ಲಿ ಸದಸ್ಯರ ಹೆಸರು ಮತ್ತು ಪಾಸ್‌ವರ್ಡ್, ಇನ್ನೊಂದರಲ್ಲಿ ಹೆಸರು ಮತ್ತು ರೋಲ್. ಹೆಸರಿನ ಕಾಲಮ್ಮಿಗೆ ಎರಡೂ ಟೇಬಲ್ಲಿನಲ್ಲಿ ಒಂದೇ ಹೆಸರಿಡಬೇಕು, ಯಾಕೆಂದರೆ ರಿಯಲ್ಮ್‌ಗೆ ಅದನ್ನು ಒಂದೇ ಸಲ ಹೇಳುವುದು. ಡೇಟಾಸೋರ್ಸ್ (ಡೇಟಾಬೇಸಿನ ಸಂಪರ್ಕ) ಆ್ಯಪಿನ ಕಾಂಟೆಕ್ಸ್ಟ್ ಫೈಲಿನಲ್ಲೇ ಇದ್ದರೆ ಲೋಕಲ್‌ಡೇಟಾಸೋರ್ಸ್ ಅನ್ನುವುದನ್ನು ಟ್ರೂ ಮಾಡಿ. ಡೇಟಾಬೇಸಿನ ಡ್ರೈವರ್ ಜಾರ್ ಫೈಲ್ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲಿರಲಿ, ಆ್ಯಪಿನೊಳಗೆ ಅಲ್ಲ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತು. ಟಾಮ್‌ಕ್ಯಾಟ್ ಬರುವಾಗಲೇ ಸರ್ವರ್ ಫೈಲಿನಲ್ಲಿ ಲಾಕ್‌ಔಟ್‌ರಿಯಲ್ಮ್ ಅಂತ ಒಂದಿರುತ್ತದೆ. ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಆ ಹೆಸರಿಗೆ 300 ಸೆಕೆಂಡ್ ಬಾಗಿಲು ಮುಚ್ಚುತ್ತದೆ. ನೀವು ಆ್ಯಪಿನಲ್ಲಿ ನಿಮ್ಮದೇ ರಿಯಲ್ಮ್ ಹಾಕಿದ ಕೂಡಲೇ ಮೇಲಿನದು ಲೆಕ್ಕಕ್ಕೇ ಬರುವುದಿಲ್ಲ, ಅದರ ಜೊತೆ ಈ ಕಾವಲೂ ಹೋಯಿತು! ಆಗ ಯಾರಾದರೂ ರಾತ್ರಿಯೆಲ್ಲ ಪಾಸ್‌ವರ್ಡ್ ಊಹಿಸುತ್ತ ಕೂತರೂ ತಡೆಯುವವರಿಲ್ಲ. ಅದಕ್ಕೇ ನಿಮ್ಮ ಡೇಟಾಸೋರ್ಸ್‌ರಿಯಲ್ಮ್ ಅನ್ನು ಒಂದು ಲಾಕ್‌ಔಟ್‌ರಿಯಲ್ಮ್ ಒಳಗೆ ಇಟ್ಟು ಬರೆಯಿರಿ.

ಪಾಸ್‌ವರ್ಡ್‌ಗಳನ್ನು ಇದ್ದ ಹಾಗೇ ಟೇಬಲ್ಲಿನಲ್ಲಿ ಇಟ್ಟಿದ್ದೀರಿ, "ನಮ್ಮ ಹಳ್ಳಿ ಸಂಘ, ಯಾರು ಕದಿಯುತ್ತಾರೆ" ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಜನ ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇಡುತ್ತಾರೆ, ಬ್ಯಾಂಕಿನದ್ದೂ ಅದೇ ಇರಬಹುದು. ಆ ಟೇಬಲ್ಲಿನ ಒಂದು ಬ್ಯಾಕಪ್ ಪೆನ್‌ಡ್ರೈವ್ ಕಳೆದರೆ ಹೋಗುವುದು ಬರೀ ಮೆಣಸಿನಕಾಯಿ ಲೆಕ್ಕ ಅಲ್ಲ. ಒಳಗಿನ ರಿಯಲ್ಮ್‌ನಲ್ಲಿ, ಪಾಸ್‌ವರ್ಡನ್ನು ವಾಪಸ್ ಬಿಡಿಸಲಾಗದ ಹ್ಯಾಶ್ ಮಾಡುವ ಸೀಕ್ರೆಟ್‌ಕೀ-ಕ್ರೆಡೆನ್ಶಿಯಲ್‌ಹ್ಯಾಂಡ್ಲರ್ ಹಾಕಿ, ಅಲ್ಗಾರಿದಮ್‌ಗೆ ಪಿಬಿಕೆಡಿಎಫ್2 ಬಳಗದ ಎಸ್‌ಎಚ್‌ಎ512 ಕೊಡಿ. ಟಾಮ್‌ಕ್ಯಾಟ್‌ನ ಬಿನ್ ಫೋಲ್ಡರಿನಲ್ಲಿ ಡೈಜೆಸ್ಟ್ ಅಂತ ಸ್ಕ್ರಿಪ್ಟ್ ಇದೆ, ಅದಕ್ಕೆ ಇದೇ ಹ್ಯಾಂಡ್ಲರ್, ಇದೇ ಅಲ್ಗಾರಿದಮ್ ಹೇಳಿ ಪಾಸ್‌ವರ್ಡ್ ಕೊಟ್ಟರೆ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಗೊತ್ತುಗುರಿಯಿಲ್ಲದ ಅಂಕೆ), ಎಷ್ಟು ಸುತ್ತು, ಹ್ಯಾಶ್, ಈ ಮೂರನ್ನೂ ಡಾಲರ್ ಗುರುತು ನಡುವೆ ಇಟ್ಟು ಉದ್ದ ಸಾಲು ಕೊಡುತ್ತದೆ. ಆ ಸಾಲಿನ ಮೊದಲಿಗೆ ನೀವು ಕೊಟ್ಟ ಪಾಸ್‌ವರ್ಡ್ ಮತ್ತು ಕೋಲನ್ ಇರುತ್ತದೆ, ಅದನ್ನು ಬಿಟ್ಟು ಉಳಿದದ್ದನ್ನು ಟೇಬಲ್ಲಿಗೆ ಹಾಕಿ. 16 ಬೈಟ್ ಸಾಲ್ಟ್, ಒಂದು ಲಕ್ಷ ಸುತ್ತು, 256 ಬಿಟ್ ಕೀ ಅಂದರೆ ಸಾಲು 104 ಅಕ್ಷರ ಆಗುತ್ತದೆ. ನಿಮ್ಮ ಪಾಸ್‌ವರ್ಡ್ ಕಾಲಮ್ 50 ಅಕ್ಷರದ್ದು, ಸಾಲದು. 255 ಮಾಡಿ. ಹೊಸ ಸದಸ್ಯರನ್ನು ಸೇರಿಸುವ ಪೇಜಿನಿಂದ ಇದೇ ಕ್ಲಾಸಿನ ಮ್ಯೂಟೇಟ್ ಮೆಥಡ್ ಕರೆದರೂ ಅಂಥದೇ ಸಾಲು ಸಿಗುತ್ತದೆ.

ಕನ್ನಡದ ಹೆಸರಿನ ಸದಸ್ಯರಿಗೆ ಲಾಗಿನ್ ಆಗುತ್ತಿಲ್ಲ ಅಂದಿದ್ದೀರಲ್ಲ, ಅದು ನನಗೆ ಇಷ್ಟದ ವಿಷಯ. ಕನ್ನಡ ಅಕ್ಷರ ಸರಿಯಾಗಿ ಓದಲು ಯುಟಿಎಫ್-8 ಮಾಡುವ ಫಿಲ್ಟರ್ ಹಾಕಿದ್ದೀರಿ, ಬೇರೆ ಪೇಜುಗಳಲ್ಲಿ ಕನ್ನಡ ಸರಿ ಬರುತ್ತಿದೆ, ಲಾಗಿನ್‌ನಲ್ಲಿ ಮಾತ್ರ ಇಲ್ಲ. ಕಾರಣ ಇಷ್ಟೇ, ಲಾಗಿನ್ ಪರೀಕ್ಷೆ ಫಿಲ್ಟರ್‌ಗಿಂತ ಮೊದಲೇ ನಡೆಯುತ್ತದೆ. ಕಾಂಟೆಕ್ಸ್ಟ್ ಫೈಲಿನಲ್ಲಿ, ಫಾರ್ಮ್ ಲಾಗಿನ್ ನಡೆಸುವ ಫಾರ್ಮ್‌ಆಥೆಂಟಿಕೇಟರ್ ವಾಲ್ವ್ ಬರೆದು ಅದರ ಕ್ಯಾರೆಕ್ಟರ್‌ಎನ್‌ಕೋಡಿಂಗ್‌ಗೆ ಯುಟಿಎಫ್-8 ಕೊಡಿ, ಸರಿಹೋಗುತ್ತದೆ. ಆದರೂ ಕನ್ನಡ ಹೆಸರನ್ನು ಲಾಗಿನ್‌ಗೆ ಇಡಬೇಡಿ ಅನ್ನುತ್ತೇನೆ, ಭಾಷೆಯ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ. "ವಿಶ್ವನಾಥ್" ಅಂತ ಒಂದು ಕೀಬೋರ್ಡಿನಲ್ಲಿ ಹೊಡೆದರೆ ಕೊನೆಯ ಅರ್ಧ ಅಕ್ಷರ ಆದ ಮೇಲೆ, ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನೋಡಲು ಎರಡೂ ಒಂದೇ. ಡೇಟಾಬೇಸಿಗೆ ಎರಡು ಬೇರೆ ಹೆಸರು. ಆಫೀಸಿನ ಕಂಪ್ಯೂಟರಿನಲ್ಲಿ ನೋಂದಾಯಿಸಿದವರು ಮನೆಯ ಫೋನಿನಿಂದ ಬರಲಾಗದೆ ಒದ್ದಾಡುತ್ತಾರೆ. ಸದಸ್ಯತ್ವದ ನಂಬರನ್ನೇ ಲಾಗಿನ್‌ಗೆ ಇಡಿ. ಒಳಗೆ ಹೋದ ಮೇಲೆ ಅವರ ಹೆಸರನ್ನು ಚೆಂದದ ಕನ್ನಡದಲ್ಲಿ ತೋರಿಸಿ.

ಅದೇ ವಾಲ್ವ್‌ನಲ್ಲಿ ಲ್ಯಾಂಡಿಂಗ್‌ಪೇಜ್ ಅನ್ನುವುದಕ್ಕೆ ದಾಸ್ತಾನಿನ ಪೇಜ್ ಕೊಡಿ. ಲಾಗಿನ್ ಪೇಜ್ ತೆರೆದಿಟ್ಟು ಚಹಾ ಕುಡಿಯಲು ಹೋಗಿ ಬಹಳ ಹೊತ್ತಿನ ಮೇಲೆ ಪಾಸ್‌ವರ್ಡ್ ಕೊಟ್ಟರೆ 408 (ಹೊತ್ತು ಮೀರಿತು) ಬರುವುದು ನಿಲ್ಲುತ್ತದೆ. ಲಾಗಿನ್ ಪೇಜಿನ ಜೆಎಸ್‌ಪಿ ಫೈಲನ್ನು ವೆಬ್-ಇನ್ಫ್ ಫೋಲ್ಡರಿನ ಒಳಗಿಡಿ, ಆಗ ಯಾರೂ ಅದನ್ನು ನೇರವಾಗಿ ತೆರೆದು ಬುಕ್‌ಮಾರ್ಕ್ ಮಾಡಲು ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ, ಇದನ್ನು ನೀವು ಕೇಳಿಲ್ಲ. ನಿಮ್ಮ ಚೀಲದ ವಿವರದ ಪೇಜಿನ ವಿಳಾಸದ ಕೊನೆಗೆ ಲಾಟ್ ನಂಬರ್ ಇದೆ. ಲಾಗಿನ್ ಆದ ಒಬ್ಬ ಸದಸ್ಯ ಅಲ್ಲಿ 57 ಇದ್ದದ್ದನ್ನು 58 ಮಾಡಿದರೆ? ರೋಲ್ ಸದಸ್ಯನದ್ದೇ, ಟಾಮ್‌ಕ್ಯಾಟ್ ಬಿಡುತ್ತದೆ, ಪಕ್ಕದ ಊರಿನವರ ದಾಸ್ತಾನು ಎದುರಿಗೆ ಬರುತ್ತದೆ. ಪೇಟೆಯಲ್ಲಿ ದರ ಏರುವಾಗ ಯಾರ ಹತ್ತಿರ ಎಷ್ಟು ಮಾಲು ಉಳಿದಿದೆ ಅನ್ನುವುದು ಸಣ್ಣ ವಿಷಯ ಅಲ್ವಾ? ಫಾರ್ಮ್ ಲಾಗಿನ್ ಬಂದವರು ಯಾರು ಅಂತ ಹೇಳುತ್ತದೆ, ಯಾವ ಸಾಲು ಯಾರದು ಅಂತ ಅದಕ್ಕೆ ಗೊತ್ತಿಲ್ಲ. ಅದು ನಿಮ್ಮ ಕೆಲಸ. ಎಸ್‌ಕ್ಯೂಎಲ್‌ನಲ್ಲಿ ಲಾಟ್ ನಂಬರ್ ಒಂದನ್ನೇ ನೋಡದೆ, ರಿಕ್ವೆಸ್ಟ್‌ನ ಗೆಟ್‌ರಿಮೋಟ್‌ಯೂಸರ್ ಕೊಡುವ ಸದಸ್ಯತ್ವದ ನಂಬರನ್ನೂ ವೇರ್ ಷರತ್ತಿನಲ್ಲಿ ಸೇರಿಸಿ, ಎರಡನ್ನೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಮೂಲಕವೇ ಕೊಡಿ. ಕಾರ್ಯದರ್ಶಿಗಳಿಗೆ ಎಲ್ಲರದೂ ಕಾಣಬೇಕಾದರೆ ಈಸ್‌ಯೂಸರ್‌ಇನ್‌ರೋಲ್ ಕೇಳಿ ಬೇರೆ ಕ್ವೆರಿ ಓಡಿಸಿ. ನಂಬರ್ ಹೊಂದದಿದ್ದರೆ 404 ಕೊಡಿ, ಆ ಲಾಟ್ ಇದೆ ಅಂತಲೂ ತಿಳಿಯಬಾರದು.

ಲಾಗ್‌ಔಟ್ ಬಟನ್ ದೊಡ್ಡದಾಗಿರಲಿ, ಸಂಘದ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಹತ್ತಾರು ಜನ ನೋಡುತ್ತಾರೆ ಅಂದಿದ್ದೀರಿ. ಅದು ಪೋಸ್ಟ್ ಆಗಿರಲಿ, ಒಳಗೆ ರಿಕ್ವೆಸ್ಟ್‌ನ ಲಾಗ್‌ಔಟ್ ಕರೆದು ಸೆಷನ್ ಇನ್‌ವ್ಯಾಲಿಡೇಟ್ ಮಾಡಿ. ದಾಸ್ತಾನಿನ ಪೇಜುಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ನೋ-ಸ್ಟೋರ್ ಕಳಿಸಿ, ಇಲ್ಲದಿದ್ದರೆ ಹಿಂದಿನವರು ಎದ್ದುಹೋದ ಮೇಲೆ ಬ್ಯಾಕ್ ಒತ್ತಿದವರಿಗೆ ಅವರ ಲೆಕ್ಕ ಕಾಣುತ್ತದೆ. ಸೆಷನ್ 30 ನಿಮಿಷ ಇರುತ್ತದೆ, ಇಂಥ ಕಡೆ 10 ಸಾಕು.

ಎಚ್‌ಟಿಟಿಪಿಎಸ್ ಇಲ್ಲದೆ ಇದ್ಯಾವುದನ್ನೂ ಹೊರಗೆ ಬಿಡಬೇಡಿ. ಫಾರ್ಮ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಅಕ್ಷರದಲ್ಲೇ ಹೋಗುತ್ತದೆ, ದಾರಿಯಲ್ಲಿ ಮುಚ್ಚುವುದು ಎಚ್‌ಟಿಟಿಪಿಎಸ್ ಒಂದೇ. ಟ್ರಾನ್ಸ್‌ಪೋರ್ಟ್-ಗ್ಯಾರಂಟಿಗೆ ಕಾನ್ಫಿಡೆನ್ಶಿಯಲ್ ಕೊಡಿ, ಕುಕೀಗೆ ಸೆಕ್ಯೂರ್, ಎಚ್‌ಟಿಟಿಪಿ-ಓನ್ಲಿ ಎರಡೂ ಟ್ರೂ ಮಾಡಿ. ಟಾಮ್‌ಕ್ಯಾಟ್‌ನ ಮುಂದೆ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಸರ್ವರ್ ಇಟ್ಟು ಸರ್ಟಿಫಿಕೇಟ್ ಅದಕ್ಕೇ ಕೊಟ್ಟಿದ್ದರೆ ಪೇಜ್ ತಿರುಗಿ ತಿರುಗಿ ಅಲ್ಲೇ ಸುತ್ತಬಹುದು, ಆಗ ಟಾಮ್‌ಕ್ಯಾಟ್‌ನಲ್ಲಿ ರಿಮೋಟ್‌ಐಪಿವಾಲ್ವ್ ಹಾಕಬೇಕು.

ಇಷ್ಟು ಮಾಡಿ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ, ಹಳೇ ಕುಕೀ ಇದ್ದ ಬ್ರೌಸರಿನಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಇನ್ನೂ ಸಿಕ್ಕಿಹಾಕಿಕೊಂಡರೆ ಲಾಗಿಂಗ್ ಪ್ರಾಪರ್ಟೀಸ್ ಫೈಲಿನಲ್ಲಿ ಕ್ಯಾಟಲೀನಾದ (ಟಾಮ್‌ಕ್ಯಾಟ್‌ನ ಒಳಭಾಗ) ಆಥೆಂಟಿಕೇಟರ್ ಮತ್ತು ರಿಯಲ್ಮ್ ಪ್ಯಾಕೇಜುಗಳಿಗೆ ಮಟ್ಟ ಫೈನ್ ಮಾಡಿ, ಕನ್ಸೋಲ್ ಹ್ಯಾಂಡ್ಲರ್‌ನದೂ ಅಷ್ಟೇ ಇಳಿಸಿ. ಆಗ ಬರುವ ಸಾಲುಗಳನ್ನು ಇಲ್ಲಿ ಹಾಕಿ, ಸದಸ್ಯರ ನಂಬರ್ ಅಳಿಸಿ ಹಾಕಿ. ಸಂಜೆ ಹುಬ್ಬಳ್ಳಿಗೆ ಬಂದ ಮೇಲೆ ನೋಡಿ ಉತ್ತರ ಬರೆಯುತ್ತೇನೆ.