ಶಟರ್ ಬಡದು ಉಗುರು ಕಪ್ಪಾಗೇತಿ, ಮನ್ಯಾಗ ಸೂಜಿಲೇ ಚುಚ್ಚಿ ರಕ್ತ ತಗೀಬಹುದಾ?

ನಿಮ್ಮ ತಮ್ಮಗ ನಿನ್ನೆ ರಾತ್ರಿ ಅಂಗಡಿ ಶಟರ್ ಬಡದು ಉಗುರು ಪೂರ್ತಿ ಕಪ್ಪಾಗೇತಿ, ಸೂಜಿ ಕಾಸಿ ಚುಚ್ಚಲೇನು ಅಂತ ಕೇಳೀರಿ. ಬ್ಯಾಡ್ರಿ, ದಯವಿಟ್ಟು ಮನ್ಯಾಗ ಚುಚ್ಚಬ್ಯಾಡ್ರಿ. ನಾನು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಕ್ಲಿನಿಕ್‌ನ್ಯಾಗ ನರ್ಸ್ ಅದೀನ್ರಿ, ಸುತ್ತಲೂ ವರ್ಕ್‌ಶಾಪ್ ಅದಾವು, ಇಂಥಾ ಕೇಸ್ ಭಾಳ ಬರತಾವು.

ಉಗುರಿನ ಕೆಳಗ ರಕ್ತ ನಿಂತು ಹೊರಗ ಬರಾಕ ದಾರಿ ಇಲ್ಲದ್ದಕ್ಕ ಬೆರಳು ಟಪ್ ಟಪ್ ಅಂತ ಬಡಕೋತೈತಿ. ನೋವು ತಡಿಯಾಕ ಆಗವಲ್ದು ಅಂದ್ರ ಡಾಕ್ಟರ್ ಉಗುರಿಗೆ ಸಣ್ಣ ತೂತು ಹಾಕ್ತಾರ, ಕರ್ರಗಿನ ರಕ್ತ ಉಕ್ಕಿ ಬಂತಂದ್ರ ಅಲ್ಲೀತನಕ ಹಲ್ಲು ಕಚ್ಚಿ ಕುಂತಾವ ಒಮ್ಮೆಲೇ ಉಸಿರು ಬಿಡ್ತಾನ. ಆದ್ರ ಇದು ಮೊದಲ ಒಂದೆರಡು ದಿನದಾಗ ಆಗಬೇಕು, ಆಮ್ಯಾಲ ರಕ್ತ ಹೆಪ್ಪುಗಟ್ಟಿ ಹೊರಗ ಬರೂದಿಲ್ಲ. ನೋವು ಕಡಿಮಿ ಇದ್ರ ತೂತೂ ಬೇಕಾಗಿಲ್ಲ, ಹಂಗ ಬಿಟ್ರೂ ನಡೀತೈತಿ.

ನನಗ ಚಿಂತಿ ಇರೂದು ಉಗುರಿನ ಬಣ್ಣದ್ದಲ್ರಿ, ಒಳಗಿನ ಎಲುಬಿನದು. ಶಟರ್‌ದಂಥಾ ಭಾರ ಬಿದ್ದಾಗ ತುದಿ ಎಲುಬು ಸೀಳಿರಬಹುದು, ಅದಕ್ಕ ಎಕ್ಸ್‌ರೇ ಮಾಡಿಸ್ರಿ. ಇನ್ನೊಂದು, ಬೆರಳ ತುದಿ ತಾನಾಗೇ ನೆಟ್ಟಗ ಎತ್ತಾಕ ಬರತೈತೇನು ನೋಡಾಕ ಹೇಳ್ರಿ. ಜೋತು ಬಿದ್ದಿದ್ರ ಮ್ಯಾಲಿನ ಟೆಂಡನ್ (ಬೆರಳು ಎತ್ತೂ ನಾರು) ಹರದಿರಬಹುದು, ಆಗ 6ರಿಂದ 8 ವಾರ ಹಗಲು ರಾತ್ರಿ ಸ್ಪ್ಲಿಂಟ್ (ಬೆರಳು ಬಗ್ಗದಂಗ ಹಿಡಿಯೂ ಪಟ್ಟಿ) ಹಾಕ್ಕೋಬೇಕು, ಜಳಕಕ್ಕ ಅಂತ ಬಿಚ್ಚಿ ಒಮ್ಮೆ ಬಗ್ಗಿಸಿದ್ರೂ ಮತ್ತ ಮೊದಲಿಂದ ಶುರು.

ಉಗುರು ಅಲ್ಲಾಡಿದ್ರೂ ಕೀಳಬ್ಯಾಡ್ರಿ, ಕೆಳಗಿನ ಮೆತ್ತನ ಚರ್ಮಕ್ಕ ಅದ ಮುಚ್ಚಳ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೀತೈತಿ, ಪೂರ್ತಿ ಹೊಸಾದು ಬರಾಕ ಆರು ತಿಂಗಳ ಹತ್ತಿರ ಬೇಕು, ಅವಸರ ಮಾಡಬ್ಯಾಡ್ರಿ. ಅರಿಷಿಣ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಮೆತ್ತಬ್ಯಾಡ್ರಿ, ಅದನ್ನ ತೊಳಿಯೂದ ನಮಗ ದೊಡ್ಡ ಕೆಲಸ, ಪೇಶಂಟ್‌ಗೂ ಅದ ಹೆಚ್ಚು ನೋವು.

ಅಂಗಡ್ಯಾಗ ಮಶೀನ್ ಇದ್ರ ಇದೂ ಗೊತ್ತಿರ್ಲಿ. ಬೆರಳ ತುದಿ ತುಂಡಾದ್ರ ಆ ತುಂಡನ್ನ ಸ್ವಚ್ಛ ನೀರಾಗ ತೊಳದು, ಒದ್ದಿ ಗಾಜ್ ಬಟ್ಟಿಯೊಳಗ (ಗಾಯಕ್ಕ ಕಟ್ಟೂ ತೆಳು ಬಟ್ಟಿ) ಸುತ್ತಿ, ಪ್ಲಾಸ್ಟಿಕ್ ಚೀಲಕ್ಕ ಹಾಕಿ ಬಾಯಿ ಕಟ್ಟಿ, ಆ ಚೀಲಾನ ಐಸ್ ನೀರಾಗ ಇಟ್ಕೊಂಡು ಸೀದಾ ದೊಡ್ಡ ದವಾಖಾನಿಗೆ ಓಡ್ರಿ. ತುಂಡನ್ನ ಬರೀ ಐಸ್ ಮ್ಯಾಲ ಇಟ್ರ ಅದು ಸತ್ತಹೋಗತೈತಿ.

ತಮ್ಮನ ಆ ಕೈಯಾಗ ಉಂಗುರ ಇದ್ರ ಈಗ ತಗೀರಿ, ಬಾವು ಏರಿದ ಮ್ಯಾಲ ಕತ್ತರಿಸೇ ತಗೀಬೇಕಾಗತೈತಿ. ಕೈ ಎದಿ ಮಟ್ಟಕ್ಕ ಎತ್ತಿ ಹಿಡಕೊಂಡಿರಲಿ, ಇವತ್ತ ಕರಕೊಂಡು ಹೋಗ್ರಿ, ಚರ್ಮ ಹರದಿದ್ರ ಕೊನೀ ಟಿಟಿ (ಧನುರ್ವಾಯು ಇಂಜೆಕ್ಷನ್) ಯಾವಾಗ ಆಗಿತ್ತು ಅನ್ನೂದು ಡಾಕ್ಟರ್‌ಗೆ ಹೇಳ್ರಿ.