ಮಳೆಗಾಲದಲ್ಲಿ ಮಾತ್ರ ಸಂಡಾಸ್ ನೀರು ಇಳಿಯದಿದ್ದರೆ

ಕಾರವಾರದ ಕಾಜುಬಾಗದ ನಿಮ್ಮ ಹಳೇ ಮನೆಯಲ್ಲಿ ಜೂನ್ ಬಂದರೆ ಫ್ಲಶ್ ನೀರು ಇಳಿಯುವುದಿಲ್ಲ, ಬಚ್ಚಲ ಜಾಲಿಯಲ್ಲಿ ಗುಳುಗುಳು ಸದ್ದು, ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ ಅಂದಿದ್ದೀರಿ. ಹಾಗಿದ್ದರೆ ನೆಲ ಒಡೆಸಲು ಅವಸರ ಮಾಡಬೇಡಿ. ಪೈಪೇ ಕಟ್ಟಿದ್ದರೆ ಏಪ್ರಿಲ್‌ನಲ್ಲೂ ಕಾಡುತ್ತಿತ್ತು. ಕಡಲ ಹತ್ತಿರದ ತಗ್ಗಿನಲ್ಲಿ ಮಳೆ ಹಿಡಿದರೆ ಅಂತರ್ಜಲ ಮೇಲೇರುತ್ತದೆ. ಇಂಗುಗುಂಡಿಯ ಸುತ್ತಲ ನೆಲ ನೆನೆದು ತುಂಬಿದ ಮೇಲೆ ಸೆಪ್ಟಿಕ್ ಟ್ಯಾಂಕಿನ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ.

ಮೊದಲು ಮಾಡಿನ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಹಳೇ ಮನೆಗಳಲ್ಲಿ ಅದನ್ನು ಸಂಡಾಸ್ ಪೈಪಿನ ಚೇಂಬರ್‌ಗೇ (ಮುಚ್ಚಳವಿರುವ ತಪಾಸಣೆ ಗುಂಡಿಗೇ) ಜೋಡಿಸಿರುವುದುಂಟು. ಜೋರು ಮಳೆಯಲ್ಲಿ, ಮನೆಯಲ್ಲಿ ಯಾರೂ ನಳ ಬಿಡದಿರುವಾಗ ಚೇಂಬರ್ ಮುಚ್ಚಳ ತೆಗೆದು ನೋಡಿ. ತಿಳಿನೀರು ಹರಿದು ಬರುತ್ತಿದ್ದರೆ ಅದನ್ನು ಬೇರೆ ಮಾಡಿ ಮಳೆನೀರಿನ ಗಟಾರಕ್ಕೆ ಬಿಡಿ.

ಟ್ಯಾಂಕ್ ಖಾಲಿ ಮಾಡಿಸುವುದು ಮೇ ತಿಂಗಳ ಕೆಲಸ. ಮಳೆ ನಡುವೆ ಮಾಡಿಸಿದರೆ ಇಂಗುಗುಂಡಿಯ ನೀರೇ ಹಿಂದಕ್ಕೆ ಬಂದು ತುಂಬಬಹುದು. ಫೈಬರ್ ಟ್ಯಾಂಕಾದರೆ ನೆಲದಿಂದ ಮೇಲೆದ್ದೂ ಬರಬಹುದು.

ದಯವಿಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಅನಿಲ ಜೀವ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಲ್ಲಿ ಅಪರಾಧ. ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಬಾವಿ ಹತ್ತಿರದಲ್ಲಿದ್ದರೆ ಸದ್ಯ ನೀರು ಕುದಿಸಿಯೇ ಕುಡಿಯಿರಿ.