ಹವಾಮಾನದ ಆ್ಯಪ್‌ನಲ್ಲಿ ಗಾಳಿ ಕಡಿಮೆ ಅಂತ ಇರುತ್ತೆ, ಆದ್ರೆ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಗಾಳಿಗೆ ನಿಲ್ಲೋಕೂ ಆಗಲ್ಲ. ಯಾಕೆ ಹೀಗೆ?

ಆ್ಯಪ್ ಹೇಳುವುದು ಆ ತುದಿಯ ಗಾಳಿಯನ್ನಲ್ಲ, ಸುತ್ತಲಿನ ಇಡೀ ಪ್ರದೇಶದ ಸರಾಸರಿಯನ್ನು. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ನೆಲವನ್ನು ಚೌಕಗಳಾಗಿ ನೋಡುತ್ತದೆ. ಇಡೀ ಜಗತ್ತಿಗೆ ಲೆಕ್ಕ ಹಾಕುವಾಗ ಒಂದು ಚೌಕದ ಬದಿ ಸುಮಾರು 10 ಕಿ.ಮೀ., ಕೆಲವೊಮ್ಮೆ ಇನ್ನೂ ಜಾಸ್ತಿ. ಅದರೊಳಗೆ ಬೆಟ್ಟದ ಬುಡದ ಕಕ್ಕಬ್ಬೆಯ ಕಾಫಿ ತೋಟವೂ ಬಂತು, 1,748 ಮೀಟರ್ ಎತ್ತರದ ಬೆಟ್ಟವೂ ಬಂತು. ಲೆಕ್ಕದಲ್ಲಿ ಬೆಟ್ಟ ತಗ್ಗಿಬಿಡುತ್ತದೆ.

ನಿಜವಾದ ಗಾಳಿಗೆ ಮಾತ್ರ ಬೆಟ್ಟ ಅಡ್ಡ ನಿಂತಿದೆ. ಕಡಲ ಕಡೆಯಿಂದ ಬಂದ ಗಾಳಿ ಮೇಲೇರಿ, ತುದಿಯ ಹತ್ತಿರ ಇಕ್ಕಟ್ಟಿನಲ್ಲಿ ನುಗ್ಗಬೇಕು. ನೀರಿನ ಪೈಪಿನ ಬಾಯಿಯನ್ನು ಬೆರಳಿಂದ ಅರ್ಧ ಮುಚ್ಚಿದರೆ ನೀರು ಚಿಮ್ಮುತ್ತದೆ ಅಲ್ವಾ, ಹಾಗೆಯೇ. ವೇಗ ಎರಡು ಪಟ್ಟಾದರೆ ಮೈಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ನಿಲ್ಲಲು ಅಷ್ಟು ಕಷ್ಟ.

ಹೊರಡುವ ಮುಂಚೆ ಸರಾಸರಿ ವೇಗವೊಂದನ್ನೇ ನೋಡಬೇಡಿ. ‘ಗಸ್ಟ್’, ಅಂದರೆ ಇದ್ದಕ್ಕಿದ್ದಂತೆ ಜೋರಾಗಿ ಬೀಸುವ ಗಾಳಿಯ ಅಂಕಿಯನ್ನೂ ನೋಡಿ. ಬೆಟ್ಟಕ್ಕೆ ಹೋಗುವಾಗ ನಾನು ಹೆಚ್ಚು ನಂಬುವುದು ಅದನ್ನೇ. ಇನ್ನೊಂದು ಮಾತು: ಶೋಲಾ, ಅಂದರೆ ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಕಾಡಿನ ಮರೆಯಲ್ಲಿ ಗಾಳಿ ಗೊತ್ತೇ ಆಗುವುದಿಲ್ಲ. ಕಾಡು ದಾಟಿ ಹುಲ್ಲುಗಾವಲಿಗೆ ಬಂದಾಗಲೇ ಕಾಲು ತೂರಾಡಿದರೆ, ದಯವಿಟ್ಟು ಅಲ್ಲಿಂದಲೇ ಹಿಂದಿರುಗಿ.